ಬೇರನ್ನು ಹುಡುಕುವ ಹುಳು: ನರತಂತುಗಳಿಗೆ ದಾರಿ ತೋರುವ ಸಂಕೇತ ವಂಶವಾಹಿಗಳು ಮತ್ತು ಜಂತುಹುಳುಗಳ ನಿರ್ವಹಣೆ



ಮುಂಡಗೋಡದ ಶುಂಠಿ, ಹಳಿಯಾಳದ ಕೂರಿಗೆ ಭತ್ತ, ಜೋಯಿಡಾದ ಕಾಳುಮೆಣಸು ಮತ್ತು ಗಡ್ಡೆ-ಗೆಣಸು, ದಾಂಡೇಲಿ ಸುತ್ತಮುತ್ತಲಿನ ಬದನೆ-ಟೊಮೆಟೊ ತಾಕುಗಳು ನೋಡುವುದಕ್ಕೆ ಬೇರೆ ಬೇರೆ ಬೆಳೆಗಳು. ಆದರೆ ಇವೆಲ್ಲಕ್ಕೂ ಸಮಾನವಾದ ಶತ್ರುವೊಂದು ಮಣ್ಣಿನಲ್ಲಿದೆ. ಅದು ಬೇರುಗಂಟು ಜಂತುಹುಳು. ಗಿಡ ಕುಳ್ಳಾಗಿ ಹಳದಿಯಾದಾಗ ನಾವು ಗೊಬ್ಬರದ ಕೊರತೆ ಎಂದುಕೊಳ್ಳುತ್ತೇವೆ. ಗಿಡವನ್ನು ಕಿತ್ತು ನೋಡಿದಾಗ ಮಾತ್ರ ಬೇರಿನ ತುಂಬ ಗಂಟುಗಳು ಕಾಣುತ್ತವೆ. ಅಷ್ಟರಲ್ಲಿ ಹುಳು ಬೇರಿನ ಒಳಗೆ ನೆಲೆಯೂರಿ ಮೊಟ್ಟೆಯಿಡಲು ತೊಡಗಿರುತ್ತದೆ.

ಈ ಹುಳುವಿನ ಮರಿ ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಅದಕ್ಕೆ ಕಣ್ಣಿಲ್ಲ, ಕಾಲಿಲ್ಲ. ಹಾಗಿದ್ದರೂ ಕತ್ತಲೆಯ ಮಣ್ಣಿನಲ್ಲಿ ಅದು ಬೇರಿನ ತುದಿಯನ್ನೇ ಹುಡುಕಿ ಹೋಗುತ್ತದೆ. ಈ ಕೆಲಸವನ್ನು ಮಾಡಿಸುವುದು ಅದರ ನರಮಂಡಲ. ಆ ನರಮಂಡಲದ ಒಂದೊಂದು ಎಳೆಯೂ ಸರಿಯಾದ ಜಾಗ ಸೇರುವಂತೆ ಮಾಡುವುದು ಕೆಲವು ಸಂಕೇತ ವಂಶವಾಹಿಗಳು. ಈ ವಿಷಯವನ್ನು ಅರಿತವರಿಗೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ: ನರಕ್ಕೆ ತಗಲುವ ವಿಷವನ್ನು ಮಣ್ಣಿಗೆ ಸುರಿದಾಗ ಹುಳು ಒಂದೇ ಅಲ್ಲ, ಇತರ ಜೀವಿಗಳೂ ಏಕೆ ತೊಂದರೆಗೆ ಸಿಲುಕುತ್ತವೆ ಎಂಬುದು ಒಂದು; ಹುಳುವನ್ನು ತಡೆಯಲು ರೈತರಿಗೆ ದೊರೆಯುವ ಸರಿಯಾದ ಕಾಲ ಯಾವುದು ಎಂಬುದು ಇನ್ನೊಂದು.

ಮಾದರಿಯಾದ ಒಂದು ನಿರುಪದ್ರವಿ ಹುಳು

ಜಂತುಹುಳುಗಳ ನರಗಳ ಕುರಿತು ನಮಗಿರುವ ತಿಳಿವಳಿಕೆಯ ಬಹುಪಾಲು ಬಂದಿರುವುದು ಸೀನೊರಾಬ್ಡೈಟಿಸ್ ಎಲೆಗಾನ್ಸ್ ಎಂಬ ಹುಳುವಿನಿಂದ. ಕೊಳೆಯುವ ಹಣ್ಣು, ಕಸದ ಗೊಬ್ಬರಗಳಲ್ಲಿ ದುಂಡಾಣುಗಳನ್ನು ತಿಂದು ಬದುಕುವ ಇದು ಬೆಳೆಗೆ ಯಾವ ಹಾನಿಯನ್ನೂ ಮಾಡದು. ಉದ್ದ ಸುಮಾರು 1 ಮಿಲಿಮೀಟರ್. ಮೈ ಗಾಜಿನಂತೆ ಪಾರದರ್ಶಕವಾದುದರಿಂದ ಜೀವಂತ ಹುಳುವಿನೊಳಗಿನ ನರವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬಹುದು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸಿಡ್ನಿ ಬ್ರೆನ್ನರ್ ಅವರು 1960ರ ದಶಕದಲ್ಲಿ ಈ ಹುಳುವನ್ನು ಅಧ್ಯಯನಕ್ಕೆ ಆರಿಸಿಕೊಂಡರು. 1974ರಲ್ಲಿ ಅದರ ವಂಶವಾಹಿಗಳ ಕುರಿತ ಪ್ರಬಂಧವನ್ನು ಪ್ರಕಟಿಸಿದರು. ನೆಟ್ಟಗೆ ಹರಿದಾಡಲಾರದೆ ಸುರುಳಿ ಸುತ್ತುವ, ಮುದುಡುವ, ಎಡವುವ ಹುಳುಗಳನ್ನು ಅವರು ಬೇರ್ಪಡಿಸಿ, ಆ ದೋಷಕ್ಕೆ ಕಾರಣವಾದ ವಂಶವಾಹಿಗಳಿಗೆ 'ಅಂಕ್' ಎಂಬ ಹೆಸರನ್ನೂ ಸಂಖ್ಯೆಯನ್ನೂ ಕೊಟ್ಟರು. ಹೊಂದಾಣಿಕೆಯಿಲ್ಲದ ಚಲನೆ ಎಂಬ ಅರ್ಥದ ಇಂಗ್ಲಿಷ್ ಪದದ ಸಂಕ್ಷೇಪವದು. 1986ರಲ್ಲಿ ಇದೇ ಹುಳುವಿನ 302 ನರಕೋಶಗಳ ಪರಸ್ಪರ ಸಂಪರ್ಕದ ನಕ್ಷೆ ಪ್ರಕಟವಾಯಿತು. 1998ರಲ್ಲಿ ಇದರ ವಂಶವಾಹಿಗಳ ಸಂಪೂರ್ಣ ಓದು ಮುಗಿಯಿತು. ಬಹುಕೋಶ ಪ್ರಾಣಿಗಳಲ್ಲಿ ಇಂಥ ಓದು ಮೊದಲು ಪೂರ್ಣಗೊಂಡದ್ದು ಈ ಹುಳುವಿನದೇ.

ನರತಂತು ದಾರಿ ಹಿಡಿಯುವ ಬಗೆ

ನರಕೋಶವೊಂದು ಹುಟ್ಟಿದ ಜಾಗವೇ ಬೇರೆ, ಅದರ ತಂತು ತಲುಪಬೇಕಾದ ಜಾಗವೇ ಬೇರೆ. ಬೆಳೆಯುತ್ತಿರುವ ತಂತುವಿನ ತುದಿಯಲ್ಲಿ ಅಂಗೈ ಚಾಚಿದಂತೆ ಅಗಲವಾದ ಒಂದು ಭಾಗವಿರುತ್ತದೆ. ಇದನ್ನು ಬೆಳೆತುದಿ ಎನ್ನೋಣ. ಅದು ಸುತ್ತಲಿನ ಕೋಶಗಳು ಸ್ರವಿಸುವ ಪ್ರೋಟೀನುಗಳನ್ನು ಗ್ರಹಿಸುತ್ತ, ಕೆಲವು ಕಡೆ ಮುಂದುವರಿಯುತ್ತ, ಕೆಲವು ಕಡೆ ಹಿಂದೆ ಸರಿಯುತ್ತ ಸಾಗುತ್ತದೆ.

ಇಂಥ ಸಂಕೇತಗಳಲ್ಲಿ ಮುಖ್ಯವಾದುದು ಅಂಕ್-6 ವಂಶವಾಹಿ ತಯಾರಿಸುವ ಪ್ರೋಟೀನು. ಭ್ರೂಣದ ಹೊಟ್ಟೆಯ ಭಾಗದ ಕೋಶಗಳು ಇದನ್ನು ಸ್ರವಿಸುತ್ತವೆ. ಆದ್ದರಿಂದ ಹೊಟ್ಟೆಯ ಬದಿಯಲ್ಲಿ ಇದರ ಸಾಂದ್ರತೆ ಹೆಚ್ಚು, ಬೆನ್ನಿನ ಬದಿಗೆ ಹೋದಂತೆ ಕಡಿಮೆ. ಹಣ್ಣಾದ ಹಲಸಿನ ವಾಸನೆ ಮರದ ಸಮೀಪಕ್ಕೆ ಬಂದಂತೆಲ್ಲ ಗಾಢವಾಗುವುದನ್ನು ತಾವು ಬಲ್ಲಿರಿ. ಬೆಳೆತುದಿಯೂ ಈ ಏರಿಳಿತವನ್ನೇ ಅನುಸರಿಸುತ್ತದೆ.

ಆದರೆ ಹಲಸಿನ ವಾಸನೆಗೆ ಒಬ್ಬರ ಬಾಯಲ್ಲಿ ನೀರೂರಿದರೆ ಇನ್ನೊಬ್ಬರು ಮೂಗು ಮುಚ್ಚಿಕೊಳ್ಳುವುದುಂಟು. ನರತಂತುಗಳಲ್ಲಿಯೂ ಹೀಗೆಯೇ. ಬೆಳೆತುದಿಯ ಮೇಲೆ ಅಂಕ್-40 ಎಂಬ ಗ್ರಾಹಕವಿದ್ದರೆ ತಂತು ಸಂಕೇತದ ಕಡೆಗೆ, ಅಂದರೆ ಹೊಟ್ಟೆಯ ಬದಿಗೆ ಸಾಗುತ್ತದೆ. ಅದರ ಜೊತೆಗೆ ಅಂಕ್-5 ಎಂಬ ಗ್ರಾಹಕವೂ ಸೇರಿದರೆ ಅದೇ ಸಂಕೇತ ತಂತುವನ್ನು ದೂರ ತಳ್ಳುತ್ತದೆ. ತಂತು ಬೆನ್ನಿನ ಬದಿಗೆ ಏರುತ್ತದೆ. ಸಂಕೇತ ಒಂದೇ, ಗ್ರಾಹಕಕ್ಕೆ ತಕ್ಕಂತೆ ಅದರ ಅರ್ಥ ಬೇರೆ. ಈ ಮೂರು ವಂಶವಾಹಿಗಳ ಪಾತ್ರ 1990ರಲ್ಲಿ ಸ್ಪಷ್ಟವಾಯಿತು. 1994ರಲ್ಲಿ ಕೋಳಿಯ ಭ್ರೂಣದಲ್ಲಿಯೂ ಅಂಕ್-6ಕ್ಕೆ ಸರಿಸಮನಾದ ಪ್ರೋಟೀನು ದೊರೆತಾಗ ಅದಕ್ಕೆ 'ನೆಟ್ರಿನ್' ಎಂದು ಹೆಸರಿಟ್ಟರು. ಮುನ್ನಡೆಸುವವನು ಎಂಬರ್ಥದ ಸಂಸ್ಕೃತದ 'ನೇತೃ' ಶಬ್ದವೇ ಇದರ ಮೂಲ. ನಮ್ಮ ನೇತಾರ, ನೇತೃತ್ವ ಎಂಬ ಮಾತುಗಳೂ ಇದೇ ಬೇರಿನವು.

ಒಂದೇ ಸಂಕೇತವನ್ನು ನಂಬಿ ನರಮಂಡಲ ಬೆಳೆಯುವುದಿಲ್ಲ. ಬೆನ್ನಿನ ಬದಿಯಿಂದ 'ಸ್ಲಿಟ್' ಎಂಬ ಇನ್ನೊಂದು ಪ್ರೋಟೀನು ಹೊರಡುತ್ತದೆ. ಸ್ಯಾಕ್ಸ್-3 ಎಂಬ ಗ್ರಾಹಕವುಳ್ಳ ತಂತುಗಳನ್ನು ಅದು ಬೆನ್ನಿನಿಂದ ದೂರ ಅಟ್ಟುತ್ತದೆ. ಎಲೆಗಾನ್ಸ್ ಹುಳುವಿನಲ್ಲಿ ಮೃದು ಸ್ಪರ್ಶವನ್ನು ಗ್ರಹಿಸುವ 6 ನರಕೋಶಗಳಿವೆ. ಅವುಗಳಲ್ಲಿ ಒಂದರ ತಂತು ಮೊದಲು ಹೊಟ್ಟೆಯ ಬದಿಗೆ ಇಳಿದು, ಅನಂತರ ತಲೆಯ ಕಡೆಗೆ ತಿರುಗುತ್ತದೆ. ಇಲ್ಲಿ ನೆಟ್ರಿನ್ ಕೆಳಗಿನಿಂದ ಸೆಳೆಯುತ್ತದೆ, ಸ್ಲಿಟ್ ಮೇಲಿನಿಂದ ತಳ್ಳುತ್ತದೆ. ಒಂದು ಸಂಕೇತ ಕೆಟ್ಟರೆ ಕೆಲವು ಹುಳುಗಳಲ್ಲಿ ಮಾತ್ರ ತಂತು ದಾರಿ ತಪ್ಪುತ್ತದೆ. ಎರಡೂ ಕೆಟ್ಟರೆ ಬಹುತೇಕ ಎಲ್ಲ ಹುಳುಗಳಲ್ಲಿಯೂ ತಪ್ಪುತ್ತದೆ. ಎಳೆಗರುವನ್ನು ಕೊಟ್ಟಿಗೆಗೆ ಸೇರಿಸುವಾಗ ಒಬ್ಬರು ಮುಂದಿನಿಂದ ಹಗ್ಗ ಹಿಡಿದು, ಇನ್ನೊಬ್ಬರು ಹಿಂದಿನಿಂದ ನೂಕುವಂತೆ ಇದು.

ಹೊಟ್ಟೆ-ಬೆನ್ನಿನ ದಿಕ್ಕನ್ನು ನೆಟ್ರಿನ್ ಮತ್ತು ಸ್ಲಿಟ್ ತೋರಿದರೆ, ತಲೆ-ಬಾಲದ ದಿಕ್ಕನ್ನು ತೋರುವುದರಲ್ಲಿ 'ವಿಂಟ್' ಎಂಬ ಗುಂಪಿನ ಸಂಕೇತಗಳು ಮುಖ್ಯ. ಎಲೆಗಾನ್ಸ್ ಹುಳುವಿನಲ್ಲಿ ಇಂಥ ವಂಶವಾಹಿಗಳು 5 ಇವೆ. ಅವುಗಳಲ್ಲಿ ಲಿನ್-44 ಎಂಬುದು ಬಾಲದ ಭಾಗದಲ್ಲಿ ಕೆಲಸ ಮಾಡುತ್ತದೆ. ಅದು ಕೆಟ್ಟರೆ ಬಾಲದ ಬಳಿಯ ಸ್ಪರ್ಶ ನರಕೋಶದ ಉದ್ದನೆಯ ತಂತು ತಲೆಯ ಕಡೆಗೆ ಬೆಳೆಯುವ ಬದಲು ಹಿಂದಕ್ಕೆ ಬೆಳೆಯುತ್ತದೆ.

ನರ ಕವಲೊಡೆಯುವ ಬಗೆ

ಕೆಲವು ನರಕೋಶಗಳು ಒಂದೇ ತಂತುವಿನಿಂದ ತೃಪ್ತವಾಗುವುದಿಲ್ಲ. ಎಲೆಗಾನ್ಸ್ ಹುಳುವಿನ ಎಡ-ಬಲ ಪಕ್ಕೆಗಳಲ್ಲಿ ಒಂದೊಂದರಂತೆ ಇರುವ 'ಪಿವಿಡಿ' ಎಂಬ ನರಕೋಶ ಚರ್ಮದ ಅಡಿಯಲ್ಲಿ ಮೈತುಂಬ ಕವಲೊಡೆಯುತ್ತದೆ. ಒರಟಾದ ಸ್ಪರ್ಶವನ್ನೂ ಚಳಿಯನ್ನೂ ಗ್ರಹಿಸುವುದು ಅದರ ಕೆಲಸ. ಅದರ ಕವಲುಗಳು ಸಾಲಾಗಿ ನಿಲ್ಲಿಸಿದ ಬಹುಕವಲಿನ ದೀಪಸ್ತಂಭಗಳಂತೆ ಕಾಣುತ್ತವೆ.

ಎಲ್ಲಿ ಕವಲೊಡೆಯಬೇಕು ಎಂಬುದನ್ನು ನರಕೋಶ ಒಂದೇ ನಿರ್ಧರಿಸುವುದಿಲ್ಲ ಎಂದು 2013ರಲ್ಲಿ ತಿಳಿದುಬಂತು. ಚರ್ಮದ ಕೋಶಗಳು ಸ್ಯಾಕ್ಸ್-7 ಮತ್ತು ಮೆನೊರಿನ್ ಎಂಬ ಎರಡು ಪ್ರೋಟೀನುಗಳನ್ನು ಒದಗಿಸುತ್ತವೆ. ನರದ ಮೇಲಿರುವ ಡಿಎಂಎ-1 ಎಂಬ ಗ್ರಾಹಕ ಇವೆರಡನ್ನೂ ಒಟ್ಟಾಗಿ ಗುರುತಿಸಿದ ಕಡೆ ಕವಲು ನಿಲ್ಲುತ್ತದೆ. ಕಾಳುಮೆಣಸಿನ ಬಳ್ಳಿ ಆಧಾರ ಮರದ ತೊಗಟೆ ಸಿಕ್ಕಿದ ಕಡೆ ಬೇರೂರಿ ಹಬ್ಬುವುದನ್ನೂ, ಆಧಾರವಿಲ್ಲದ ಕಡೆ ಜೋತುಬೀಳುವುದನ್ನೂ ಜೋಯಿಡಾದ ತೋಟಿಗರಿಗೆ ಹೇಳಬೇಕಾಗಿಲ್ಲ. ನರದ ಕವಲಿಗೆ ಚರ್ಮವೇ ಆ ಆಧಾರ ಮರ.

ಕವಲುಗಳು ಶಾಶ್ವತವೂ ಅಲ್ಲ. ಆಹಾರ ಮುಗಿದು ದಟ್ಟಣೆ ಹೆಚ್ಚಿದಾಗ ಎಲೆಗಾನ್ಸ್ ಮರಿಹುಳು ತಿನ್ನುವುದನ್ನು ನಿಲ್ಲಿಸಿ, ಗಟ್ಟಿ ಹೊದಿಕೆಯ ಸಹನಶೀಲ ಹಂತವನ್ನು ಸೇರುತ್ತದೆ. ಆಗ ಅದರ ತಲೆಯ ಕೆಲವು ನರಕೋಶಗಳು ಹೊಸದಾಗಿ ಕವಲೊಡೆಯುತ್ತವೆ. ಒಳ್ಳೆಯ ದಿನ ಬಂದಾಗ ಕವಲುಗಳು ಮತ್ತೆ ಕುಗ್ಗುತ್ತವೆ. ಅಗತ್ಯಕ್ಕೆ ತಕ್ಕಂತೆ ನರವನ್ನೇ ತಿದ್ದಿಕೊಳ್ಳುವ ಈ ಗುಣದಿಂದ ಹುಳು ಕಷ್ಟಕಾಲವನ್ನು ದಾಟುತ್ತದೆ.

ಮೊಟ್ಟೆಯಿಂದ ಬೇರಿನವರೆಗೆ

ಈಗ ನಮ್ಮ ಹೊಲದ ಹುಳುವಿಗೆ ಬರೋಣ. ಬೇರುಗಂಟು ಹುಳುವಿನ ಹೆಣ್ಣು ನೂರಾರು ಮೊಟ್ಟೆಗಳನ್ನು ಲೋಳೆಯಂಥ ಚೀಲದಲ್ಲಿ ಇಡುತ್ತದೆ. ಮರಿ ಮೊಟ್ಟೆಯೊಳಗೇ ಒಮ್ಮೆ ಪೊರೆ ಕಳಚಿ, ಎರಡನೆಯ ಹಂತದಲ್ಲಿ ಹೊರಬರುತ್ತದೆ. ಆ ಹೊತ್ತಿಗೆ ಅದರ ನರಜಾಲ ಸಿದ್ಧವಾಗಿರುತ್ತದೆ. ತಲೆಯ ಎರಡು ಬದಿಯ ಸೂಕ್ಷ್ಮ ಕುಳಿಗಳಲ್ಲಿ ತೆರೆದುಕೊಳ್ಳುವ ನರಕೋಶಗಳಿಂದ ಅದು ಬೇರು ಬಿಡುವ ಇಂಗಾಲದ ಡೈಆಕ್ಸೈಡನ್ನೂ ಇತರ ಸ್ರಾವಗಳನ್ನೂ ಗ್ರಹಿಸಿ, ಅವುಗಳ ಜಾಡು ಹಿಡಿದು ಹೊರಡುತ್ತದೆ.

ಈ ಹಂತದಲ್ಲಿ ಮರಿ ಏನನ್ನೂ ತಿನ್ನುವುದಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅದರ ಬುತ್ತಿ. ಬೆಚ್ಚಗಿನ ತೇವದ ಮಣ್ಣಿನಲ್ಲಿ ಬೇರು ಸಿಗದಿದ್ದರೆ ಕೆಲವು ವಾರಗಳಲ್ಲಿ ಬುತ್ತಿ ಕರಗಿ ಅದು ದುರ್ಬಲವಾಗುತ್ತದೆ. ಬೇರು ಸಿಕ್ಕರೆ ಒಳಹೊಕ್ಕು ಒಂದು ಜಾಗದಲ್ಲಿ ನೆಲೆಯೂರುತ್ತದೆ. ಬಳಿಕ ಹೆಣ್ಣುಹುಳು ಚಲಿಸುವ ಸ್ನಾಯುಗಳನ್ನೇ ಕಳೆದುಕೊಂಡು ಗಡಿಗೆಯಾಕಾರಕ್ಕೆ ಉಬ್ಬುತ್ತದೆ. ಅನುಕೂಲ ಉಷ್ಣಾಂಶದಲ್ಲಿ ಸುಮಾರು ಒಂದು ತಿಂಗಳಲ್ಲಿ ಅದರ ಒಂದು ತಲೆಮಾರು ಮುಗಿಯುತ್ತದೆ.

ಆದ್ದರಿಂದ ತಾವು ಗಮನಿಸಬೇಕಾದ ಮುಖ್ಯ ಸಂಗತಿ ಇದು: ಮೊಟ್ಟೆಗೂ ಬೇರಿಗೂ ನಡುವಿನ ಹುಡುಕಾಟದ ಕಾಲವೇ ಹುಳುವಿನ ದುರ್ಬಲ ಕಾಲ. ಅದು ಸ್ವತಃ ಸಾಗಬಲ್ಲ ದೂರವೂ ಕೆಲವು ಸೆಂಟಿಮೀಟರುಗಳಿಂದ ಹೆಚ್ಚೆಂದರೆ ಒಂದು ಮೀಟರಿನಷ್ಟು. ಊರಿಂದ ಊರಿಗೆ ಅದನ್ನು ಸಾಗಿಸುವವರು ನಾವೇ: ಸೋಂಕಿನ ಬಿತ್ತನೆ ಗಡ್ಡೆಯಲ್ಲಿ, ಸಸಿಯ ಬೇರಿನ ಮಣ್ಣಿನಲ್ಲಿ, ಟಿಲ್ಲರಿನ ಗಾಲಿಯಲ್ಲಿ, ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಬಿಡುವ ನೀರಿನಲ್ಲಿ.

ನರಕ್ಕೆ ತಗಲುವ ವಿಷದ ಮಿತಿ

ಕಾರ್ಬೊಫ್ಯುರಾನ್, ಫೋರೇಟ್‌ನಂಥ ಹರಳು ವಿಷಗಳು ಕೆಲಸ ಮಾಡುವುದು ನರ ಮತ್ತು ಸ್ನಾಯು ಸಂಧಿಸುವ ಕಡೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ವಸ್ತು ಹೊರಬಂದಾಗ ಸ್ನಾಯು ಸಂಕುಚಿಸುತ್ತದೆ. ಅದನ್ನು ಒಡೆದು ಸ್ನಾಯುವನ್ನು ಸಡಿಲಿಸುವ ಕಿಣ್ವವನ್ನು ಈ ವಿಷಗಳು ಕಟ್ಟಿಹಾಕುತ್ತವೆ. ಹುಳು ಸೆಟೆದು, ದಿಕ್ಕು ತಪ್ಪಿ, ಬೇರನ್ನು ಹುಡುಕಲಾರದೆ ಹೋಗುತ್ತದೆ. ಆದರೆ ಮಣ್ಣಿನಲ್ಲಿ ದೊರೆಯುವ ಕಡಿಮೆ ಸಾಂದ್ರತೆಯಲ್ಲಿ ಅನೇಕ ಹುಳುಗಳು ಸಾಯುವುದಿಲ್ಲ, ಮಂಕಾಗುತ್ತವೆ ಅಷ್ಟೆ. ಮಲೆನಾಡಿನ ಮಳೆಗೆ ವಿಷ ತೊಳೆದುಹೋದ ಮೇಲೆ ಅವು ಚೇತರಿಸಿಕೊಂಡು ಮತ್ತೆ ಬೇರಿನ ಕಡೆ ಹೊರಡುತ್ತವೆ.

ತೊಳೆದುಹೋದ ವಿಷ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಬೇಕು. ಜೋಯಿಡಾ, ದಾಂಡೇಲಿ ಭಾಗದ ಹಳ್ಳಗಳು ಕಾಳಿ ನದಿಯನ್ನು ಸೇರುತ್ತವೆ. ಹುಳುವಿನ ನರದಲ್ಲಿರುವ ಆ ಕಿಣ್ವವೇ ಎರೆಹುಳುವಿನಲ್ಲಿ, ಮೀನಿನಲ್ಲಿ, ದನದಲ್ಲಿ, ಹರಳು ಎರಚುವ ಕೈಯ ಮನುಷ್ಯನಲ್ಲಿಯೂ ಇದೆ. ನರಗಳ ಈ ಬಂಧುತ್ವ ಎಷ್ಟು ಆಳವಾದುದೆಂದರೆ, ಹುಳುವಿನ ಅಂಕ್-40ಕ್ಕೆ ಸಮನಾದ ಮನುಷ್ಯನ ವಂಶವಾಹಿ ಕೆಟ್ಟಾಗ ಕೆಲವರಲ್ಲಿ ಒಂದು ಕೈ ಆಡಿಸಿದರೆ ಇನ್ನೊಂದು ಕೈಯೂ ತಾನಾಗಿ ಹಾಗೆಯೇ ಆಡುತ್ತದೆ ಎಂಬುದು 2010ರಲ್ಲಿ ತಿಳಿಯಿತು. ನರತಂತು ದಾರಿ ತಪ್ಪುವುದರ ಪರಿಣಾಮ ಹುಳುವಿಗೂ ನಮಗೂ ಒಂದೇ ಬಗೆಯದು.

ಹುಳುವಿಗೆ ಮಾತ್ರ ತಗಲುವ ಔಷಧಿ ಸಾಧ್ಯವೇ ಇಲ್ಲವೆಂದಲ್ಲ. ದನಕರುಗಳಿಗೆ ಕೊಡುವ ಐವರ್‌ಮೆಕ್ಟಿನ್ ಜಂತುಹುಳುಗಳ ನರ-ಸ್ನಾಯುಗಳಲ್ಲಿರುವ, ಸಸ್ತನಿಗಳಲ್ಲಿ ಇಲ್ಲದ ಒಂದು ವಿಶೇಷ ದ್ವಾರವನ್ನು ತೆರೆದು ಹುಳುವನ್ನು ನಿಷ್ಕ್ರಿಯಗೊಳಿಸುತ್ತದೆ. ಆ ದ್ವಾರದ ವಂಶವಾಹಿಯನ್ನು ಮೊದಲು ಗುರುತಿಸಿದ್ದೂ ಎಲೆಗಾನ್ಸ್ ಹುಳುವಿನಲ್ಲಿಯೇ. ಹಳೆಯ ಹರಳು ವಿಷಗಳಿಗೆ ಇಂಥ ವಿವೇಚನೆ ಇಲ್ಲ. ಫೋರೇಟ್ ಬಳಕೆಯನ್ನು ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. 2023ರ ಆದೇಶದಂತೆ ಕಾರ್ಬೊಫ್ಯುರಾನ್‌ನ ಶೇ. 3ರ ಹೊದಿಕೆಯುಳ್ಳ ಹರಳು ರೂಪವನ್ನು ಬಿಟ್ಟು ಉಳಿದವಕ್ಕೆ ಅನುಮತಿ ಇಲ್ಲ. ಹಳೆಯ ದಾಸ್ತಾನನ್ನು ಯಾರಾದರೂ ಕೊಡಲು ಬಂದರೆ ಕೊಳ್ಳಬೇಡಿರಿ.

ಮಣ್ಣಿನಲ್ಲಿ ನಮ್ಮ ಪರವಾಗಿ ದುಡಿಯುವ ಜಂತುಹುಳುಗಳೂ ಇವೆ. ಹೆಟೆರೊರಾಬ್ಡೈಟಿಸ್ ಇಂಡಿಕಾ ಎಂಬ ಹುಳುವಿನ ಮರಿ ಕಬ್ಬಿನ ಗೊಣ್ಣೆಹುಳುವನ್ನು ಹುಡುಕಿ, ಒಳಹೊಕ್ಕು, ತನ್ನ ಹೊಟ್ಟೆಯಲ್ಲಿರುವ ದುಂಡಾಣುಗಳನ್ನು ಬಿಡುಗಡೆ ಮಾಡಿ ಎರಡು-ಮೂರು ದಿನಗಳಲ್ಲಿ ಅದನ್ನು ಕೊಲ್ಲುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇದನ್ನು ನೀರಿನಲ್ಲಿ ಬೆರೆಸಿ ಬಳಸುವ ಪುಡಿಯ ರೂಪದಲ್ಲಿ ಸಿದ್ಧಪಡಿಸಿದೆ. ಈ ಮಿತ್ರಹುಳುವೂ ಹುಡುಕುವುದು ನರಗಳ ಬಲದಿಂದಲೇ. ಹಳಿಯಾಳದ ಕಬ್ಬಿನ ಗದ್ದೆಗೆ ಇದನ್ನು ಬಿಡುವವರು ಅದೇ ಗದ್ದೆಗೆ ನರವಿಷದ ಹರಳನ್ನು ಹಾಕಿದರೆ ಖರ್ಚು ಎರಡಾಗುತ್ತದೆ, ಫಲ ಮಾತ್ರ ಅನುಮಾನ.

ಹುಡುಕಾಟದ ಕಾಲದಲ್ಲಿಯೇ ತಡೆಯಿರಿ

ಕೆಳಗಿನ ಕ್ರಮಗಳೆಲ್ಲವೂ ಹುಳು ಬೇರನ್ನು ಸೇರುವ ಮೊದಲೇ ಅದನ್ನು ತಡೆಯುವಂಥವು.

- ಶುಂಠಿ: ಗಂಟು, ಕಂದು ಕಲೆಗಳಿಲ್ಲದ ಬಿತ್ತನೆ ಗಡ್ಡೆಯನ್ನೇ ಆರಿಸಿರಿ. ಸಂಶಯವಿದ್ದರೆ ಗಡ್ಡೆಗಳನ್ನು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 10 ನಿಮಿಷ ಅದ್ದಿ, ನೆರಳಿನಲ್ಲಿ ಆರಿಸಿರಿ. ಉಷ್ಣತಾಮಾಪಕವಿಲ್ಲದೆ ಕೈಯಂದಾಜಿನಲ್ಲಿ ಇದನ್ನು ಮಾಡಬಾರದು. ನೀರು ಹೆಚ್ಚು ಬಿಸಿಯಾದರೆ ಮೊಳಕೆ ಸಾಯುತ್ತದೆ. ಬೇಸಿಗೆಯಲ್ಲಿ ಮಡಿಗಳಿಗೆ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು 40 ದಿನ ಹೊದಿಸಿ ಬಿಸಿಲಿಗೆ ಕಾಯಿಸಿರಿ. ನಾಟಿಯ ಸಮಯದಲ್ಲಿ ಹೆಕ್ಟೇರಿಗೆ 2 ಟನ್ ಬೇವಿನ ಹಿಂಡಿ ಕೊಡಿರಿ. ಹುಳುವಿನ ಮೊಟ್ಟೆಗಳನ್ನು ತಿನ್ನುವ ಪೊಕೋನಿಯಾ ಶಿಲೀಂಧ್ರವನ್ನು ಮಡಿಯೊಂದಕ್ಕೆ 20 ಗ್ರಾಂನಂತೆ ಸೇರಿಸಬಹುದು. 'ಐಐಎಸ್‌ಆರ್ ಮಹಿಮಾ' ತಳಿಗೆ ಬೇರುಗಂಟು ಹುಳುವಿನ ನಿರೋಧಕ ಶಕ್ತಿ ಇದೆ.

- ಭತ್ತ: ಬೇರಿನ ತುದಿ ಕೊಕ್ಕೆಯಂತೆ ಬಾಗಿ ಊದಿಕೊಂಡಿದ್ದರೆ ಅದು ಭತ್ತದ ಬೇರುಗಂಟು ಹುಳುವಿನ ಲಕ್ಷಣ. ಒಣ ಸಸಿಮಡಿ ಮತ್ತು ಕೂರಿಗೆ ಬಿತ್ತನೆಯಲ್ಲಿ ಇದರ ಬಾಧೆ ಹೆಚ್ಚು. ಸೋಂಕಿದ್ದ ಜಾಗದಲ್ಲಿ ಸಸಿಮಡಿ ಮಾಡಬೇಡಿರಿ. ನೀರಿನ ಅನುಕೂಲವಿರುವ ಗದ್ದೆಯಲ್ಲಿ ನಾಟಿಯ ನಂತರ ನೀರು ನಿಲ್ಲಿಸಿದರೆ ಮರಿಗಳು ಬೇರು ಸೇರುವುದು ಕಡಿಮೆಯಾಗುತ್ತದೆ. ಹುಲ್ಲುಜಾತಿಯ ಕಳೆಗಳೂ ಇದಕ್ಕೆ ಆಶ್ರಯ ಕೊಡುವುದರಿಂದ ಬದುಗಳನ್ನು ಸ್ವಚ್ಛವಾಗಿಡಿರಿ.

- ಕಾಳುಮೆಣಸು: ನಿಧಾನ ಸೊರಗು ರೋಗದಲ್ಲಿ ಬೇರುಗಂಟು ಹುಳು ಮತ್ತು ಬೇರು ಕೊರೆಯುವ ಜಂತುಹುಳು ಎರಡೂ ಪಾಲುದಾರರು. ಬಿಸಿಲಿಗೆ ಕಾಯಿಸಿದ ಮಣ್ಣಿನಲ್ಲಿ ಬೇರು ಬರಿಸಿದ ಸಸಿಗಳನ್ನೇ ನೆಡಿರಿ. 'ಪೌರ್ಣಮಿ' ತಳಿ ಬೇರುಗಂಟು ಹುಳುವನ್ನು ಸಹಿಸಿಕೊಳ್ಳುತ್ತದೆ.

- ತರಕಾರಿ ಮತ್ತು ಗಡ್ಡೆ-ಗೆಣಸು: ಬದನೆ, ಟೊಮೆಟೊ, ಬೆಂಡೆ, ಸೌತೆಗಳನ್ನು ಒಂದರ ಹಿಂದೆ ಒಂದರಂತೆ ಅದೇ ತಾಕಿನಲ್ಲಿ ಬೆಳೆಯಬೇಡಿರಿ. ನಡುವೆ ಚೆಂಡುಹೂವನ್ನು ಅಥವಾ ಹಸಿರೆಲೆ ಗೊಬ್ಬರಕ್ಕಾಗಿ ಸೆಣಬನ್ನು ಬೆಳೆಯಿರಿ. ಚೆಂಡುಹೂವಿನ ಬೇರಿನಲ್ಲಿ ಹುಳುವಿಗೆ ಮಾರಕವಾದ ವಸ್ತುವಿದೆ. ಜೋಯಿಡಾದ ಕುಣಬಿ ಕುಟುಂಬಗಳು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಗಡ್ಡೆ ತಳಿಗಳನ್ನು ಕೊಡು-ಕೊಳ್ಳುವಾಗ ಗಂಟಿರುವ ಗಡ್ಡೆಯನ್ನು ಅಡುಗೆಗೆ ಇಟ್ಟು, ನಯವಾದ ಗಡ್ಡೆಯನ್ನು ಮಾತ್ರ ಬೀಜಕ್ಕೆ ಕೊಡುವುದು ಒಳಿತು.

- ಎಲ್ಲ ಬೆಳೆಗಳಿಗೆ: ಮಾಗಿ ಉಳುಮೆಯಿಂದ ಮಣ್ಣನ್ನು ಬಿಸಿಲಿಗೆ ತೆರೆದಿಡಿರಿ. ಸೋಂಕಿನ ಹೊಲದ ಕೆಲಸವನ್ನು ಕೊನೆಗೆ ಇಟ್ಟುಕೊಂಡು, ಉಪಕರಣಗಳನ್ನು ತೊಳೆದೇ ಬೇರೆ ಹೊಲಕ್ಕೆ ಒಯ್ಯಿರಿ. ಕೊಯ್ಲಿನ ನಂತರ ಗಂಟುಬೇರುಗಳನ್ನು ಕಿತ್ತು ಸುಡಿರಿ.

ಸಂಶೋಧನೆ ಸಾಗುತ್ತಿರುವ ದಿಕ್ಕು

ಸಂಕೇತ ವಂಶವಾಹಿಗಳ ಅಧ್ಯಯನದಿಂದ ಮತ್ತೊಂದು ದಾರಿಯೂ ತೆರೆದಿದೆ. ಒಂದು ವಂಶವಾಹಿಯ ಸಂದೇಶವನ್ನು ಮಾತ್ರ ಆರಿಸಿ ಅಳಿಸುವ ಆರ್‌ಎನ್‌ಎ ತಡೆ ಎಂಬ ವಿಧಾನ 1998ರಲ್ಲಿ ಬೆಳಕಿಗೆ ಬಂದದ್ದು ಎಲೆಗಾನ್ಸ್ ಹುಳುವಿನಲ್ಲಿ. 2008ರಲ್ಲಿ ಬೇರುಗಂಟು ಹುಳುವಿನ ಎರಡು ಪ್ರಭೇದಗಳ ವಂಶವಾಹಿಗಳನ್ನೂ ಓದಿ ಮುಗಿಸಲಾಯಿತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹುಳುವಿನ ನರಗಳು ಬಳಸುವ ಎರಡು ಕಿರು ಪ್ರೋಟೀನುಗಳ ವಂಶವಾಹಿಗಳನ್ನು ಅಡಗಿಸುವ ತಂಬಾಕು ಗಿಡಗಳನ್ನು ರೂಪಿಸಿ, ಅವುಗಳಲ್ಲಿ ಹುಳುವಿನ ಬಾಧೆ ಕಡಿಮೆಯಾಗುವುದನ್ನು 2013ರಲ್ಲಿ ವರದಿ ಮಾಡಿದರು. ಎಲ್ಲ ಜೀವಿಗಳಿಗೂ ಸಮಾನವಾದ ನರವನ್ನು ಹೊಡೆಯುವ ಬದಲು, ಆ ಹುಳುವಿಗಷ್ಟೇ ಸೇರಿದ ಸಂದೇಶವನ್ನು ತಡೆಯುವುದೇ ಈ ದಾರಿಯ ಗುರಿ.

ಈ ಸಂಶೋಧನೆ ಹೊಲಕ್ಕೆ ಬರುವವರೆಗೆ ಕಾಯುತ್ತ ಕೂರಬೇಕಾಗಿಲ್ಲ. ಹುಳುವಿನ ಹುಡುಕಾಟ ಅಲ್ಪಾವಧಿಯದು, ಅಲ್ಪ ದೂರದ್ದು. ಬಿತ್ತನೆಗೆ ಮೊದಲೇ ಮಣ್ಣನ್ನೂ ಗಡ್ಡೆಯನ್ನೂ ಸಸಿಯನ್ನೂ ಪರೀಕ್ಷಿಸಿದ ರೈತರು ಅದರ ದಾರಿಯನ್ನು ಅರ್ಧದಲ್ಲಿಯೇ ಕಡಿಯಬಲ್ಲರು. ಬೆಳೆ ಹಳದಿಯಾದ ಕಡೆ ನಾಲ್ಕಾರು ಗಿಡಗಳನ್ನು ಬೇರು ಹರಿಯದಂತೆ ಅಗೆದು ನೋಡಿರಿ. ಬೇರಿನ ಜೊತೆಗೆ ಸುಮಾರು ಒಂದು ಗೇಣು ಆಳದ ತೇವದ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲಿಗೆ ಇಡದೆ, ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿರಿ. ಮಾದರಿ ಒಣಗಿದರೆ ಹುಳುಗಳು ಸತ್ತು ಪರೀಕ್ಷೆಯಲ್ಲಿ ಕಾಣಸಿಗಲಾರವು. ಪರೀಕ್ಷೆಯ ಫಲ ತಿಳಿದ ನಂತರವೇ ಮುಂದಿನ ಹಂಗಾಮಿನ ಬೆಳೆಯನ್ನೂ ಕ್ರಮವನ್ನೂ ನಿರ್ಧರಿಸಬೇಕಾಗಿ ವಿನಂತಿ.